ಕಡಲಿನ ಲೆಕ್ಕ, ಕೆರೆಯ ಸಾಲ

ಕಲಾ ವಿಭಾಗದ ವಿದ್ಯಾರ್ಥಿಗೆ ಕಡಲಿನ ಸೂಕ್ಷ್ಮ ಸಸ್ಯಗಳ ಗೊಡವೆ ಏತಕ್ಕೆಂದು ಸಹಪಾಠಿಗಳು ಕೇಳಬಹುದು. ವೈಟ್‌ಫೀಲ್ಡಿನ ಮಗ್ಗುಲಲ್ಲಿ ವರ್ತೂರು ಕೆರೆಯನ್ನಿಟ್ಟುಕೊಂಡ ನಮಗೆ ಆ ಗೊಡವೆ ಬೇಕೇ ಬೇಕೆಂಬುದು ನನ್ನ ಅಭಿಪ್ರಾಯ.

ಸಮುದ್ರದ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು ತೇಲುತ್ತಿರುತ್ತವೆ. ಭೂಮಂಡಲದ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧಪಾಲು ಇವುಗಳದೇ. ಬಿಸಿಲಿನಲ್ಲಿ ತಯಾರಿಸಿದ ಆಹಾರವನ್ನೆಲ್ಲ ಇವು ತಾವೇ ಉಣ್ಣುವುದಿಲ್ಲ. ಒಂದು ಪಾಲು ಸಕ್ಕರೆ ಮೊದಲಾದ ಸಾವಯವ ಇಂಗಾಲದ ರೂಪದಲ್ಲಿ ನೀರಿಗೆ ಸೋರಿ ಕರಗುತ್ತದೆ. ಆ ಸೋರಿಕೆ ವ್ಯರ್ಥವಲ್ಲ. ಅದನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ಅವುಗಳನ್ನು ಸೂಕ್ಷ್ಮಪ್ರಾಣಿಗಳು ತಿನ್ನುತ್ತವೆ. ಫಾರೂಕ್ ಅಜಮ್ ಮತ್ತು ಸಂಗಡಿಗರು 1983ರಲ್ಲಿ ಈ ಸರಪಣಿಯನ್ನು ವಿವರಿಸಿದರು. ಯಾರೂ ತಿನ್ನದೆ ಉಳಿದದ್ದು ಸಾವಿರಾರು ವರ್ಷ ನೀರಿನಲ್ಲಿಯೇ ಇರುತ್ತದೆ. ಕಡಲಿನಲ್ಲಿ ಹೀಗೆ ಕರಗಿರುವ ಇಂಗಾಲ ಸುಮಾರು 66,000 ಕೋಟಿ ಟನ್ನು.

ನಮ್ಮ ಕೆರೆಯ ಪಾಚಿಯೂ ಇದೇ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಲೆಕ್ಕ ತಪ್ಪಿದೆ. ನಗರದ ಕೊಳಚೆ ಸಾರಜನಕ, ರಂಜಕಗಳನ್ನು ಮಿತಿಮೀರಿ ತಂದು ಸುರಿಯಿತು. ಪಾಚಿ, ಅಂತರಗಂಗೆಗಳು ಕೊಬ್ಬಿದವು. ಕೊಳಚೆಯ ಜೊತೆಗೆ ಅವುಗಳ ಸೋರಿಕೆಯನ್ನೂ ಹೆಣವನ್ನೂ ಕರಗಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೇ ಹೀರಿದವು, ಮೀನುಗಳಿಗೆ ಉಸಿರಿಲ್ಲದಾಯಿತು. ಸಾಬೂನುಪುಡಿ ಬೆರೆತು ನೊರೆಯೆದ್ದಿತು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆ ಹೊತ್ತಿ ಉರಿಯಿತು. 2017ರಲ್ಲಿಯೂ 2018ರಲ್ಲಿಯೂ ಕೆರೆಗೆ ಬೆಂಕಿ ಬಿದ್ದಿತು. ಬೆಳ್ಳಂದೂರಿನ ಕೋಡಿ ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ, ಅದು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ನಾವು ಕಡಲಿಗೆ ದೂರದವರೇನೂ ಅಲ್ಲ.

ನೊರೆ ಕಾಣುತ್ತದೆ, ಆದುದರಿಂದ ಎಲ್ಲರೂ ನೊರೆಯನ್ನೇ ಮಾತನಾಡಿದರು. ಕರಗಿದ್ದು ಕಾಣುವುದಿಲ್ಲ, ರೋಗವಿರುವುದು ಅಲ್ಲಿ. ಹೂಳೆತ್ತುವುದು ಅಗತ್ಯವೇ. ಆದರೆ ಶುದ್ಧಿಯಾಗದ ಕೊಳಚೆಯನ್ನು ಮತ್ತೆ ಬಿಟ್ಟರೆ ಪಾಚಿ ಮತ್ತೆ ಕೊಬ್ಬದಿರುವುದೇ? ರಾಜಕಾಲುವೆಯ ಬಾಯಲ್ಲಿಯೇ ರಂಜಕ, ಸಾರಜನಕಗಳನ್ನು ತಡೆಯಬೇಕು. ಕೆರೆಯ ನೀರಿನಲ್ಲಿ ಅವು ಎಷ್ಟಿವೆ, ಆಮ್ಲಜನಕ ಎಷ್ಟಿದೆ ಎಂಬುದನ್ನು ಕೋಡಿಯ ಬಳಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ತೂಗುಹಾಕಬೇಕು.

ಕಾರ್ಖಾನೆಗಳೂ ಕಂಪನಿಗಳೂ ಅನ್ನ ಕೊಟ್ಟಿವೆ, ಅವನ್ನು ದೂರಬಾರದೆನ್ನುವವರಿದ್ದಾರೆ. ಕೊಳಚೆಯ ಬಹುಪಾಲು ನಮ್ಮ ಮನೆಗಳದ್ದೇ. ದೂರುವ ಮಾತಲ್ಲ, ಲೆಕ್ಕ ಕೇಳುವ ಮಾತು. ನಮ್ಮ ಹಿರಿಯರು ಕೆರೆನೀರಿನಲ್ಲಿ ಗದ್ದೆ ಮಾಡಿದವರು; ಅವರಿಗೆ ನೀರು ತಿಳಿದಿತ್ತು, ಅಕ್ಷರ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ. ಆ ಹಲಗೆಯ ಅಂಕಿಗಳನ್ನು ಓದಿ ಊರಿಗೆ ಅರ್ಥ ಹೇಳಲಾರದಿದ್ದರೆ ನನ್ನ ಪದವಿಯಿಂದ ಊರಿಗಾದ ಲಾಭವೇನು?