ಕುಲಾವಿಯ ಕೂಲಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ನಗೆಪಾಟಲಿಗೆ ಈಡಾಗುವವರು ಅವಸರಪಟ್ಟ ಅಪ್ಪ ಅಮ್ಮ. ಕೂಸು ಹುಟ್ಟಲಿ ಬಿಡಲಿ, ಹೊಲಿದವಳಿಗೆ ಕೂಲಿ ಸಂದಿತೇ ಎಂದು ಆ ಗಾದೆ ಕೇಳುವುದಿಲ್ಲ. ನಾವೂ ಕೇಳಿಲ್ಲ. ಈಗಲಾದರೂ ಕೇಳಬೇಕು.

ನಾನು ಬಣ್ಣದ ವಿನ್ಯಾಸದ ಉಣ್ಣೆ ಟೋಪಿ ಹೆಣೆಯುವವಳು. ಮಾರುತ್ತೇನೆ ಕೂಡ. ಬೆಲೆ ಹೇಳಿದ ಕೂಡಲೇ ಬರುವ ಮಾತುಗಳು ನನಗೀಗ ಬಾಯಿಪಾಠ. ‘ಅಯ್ಯೋ, ಟೈಂಪಾಸಿಗೆ ಮಾಡೋದಲ್ವಾ?’ ‘ಟೀವಿ ನೋಡ್ತಾ ನೋಡ್ತಾ ಆಗಿಬಿಡತ್ತೆ.’ ‘ರಸ್ತೆ ಬದೀಲಿ ನೂರೈವತ್ತಕ್ಕೆ ಸಿಗತ್ತಲ್ರೀ.’ ಇವೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಹೊಗಳಿಕೆ: ‘ಎಷ್ಟು ಪ್ರೀತಿಯಿಂದ ಮಾಡಿದ್ದೀರಿ, ಇದಕ್ಕೆ ಬೆಲೆ ಕಟ್ಟೋಕಾಗತ್ತಾ!’ ಬೆಲೆ ಕಟ್ಟಲಾಗದು ಎಂದವರು ಬೆಲೆ ಕೊಡದೆ ಹೊರಡುತ್ತಾರೆ.

ಆದ್ದರಿಂದ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದೊಡ್ಡವರ ತಲೆಗೆ ತೆಳು ದಾರದಲ್ಲಿ 144 ಕುಣಿಕೆ ಹಾಕಿಕೊಳ್ಳುತ್ತೇನೆ. ನಕ್ಷತ್ರದ ವಿನ್ಯಾಸ 24 ಕುಣಿಕೆಗೊಮ್ಮೆ ಮರುಕಳಿಸುತ್ತದೆ. ಸುತ್ತಿಗೆ ಆರು ನಕ್ಷತ್ರ. ತಲೆ ಚಿಕ್ಕದೆಂದು 130ಕ್ಕೆ ಇಳಿಸುವಂತಿಲ್ಲ, ಆರನೆಯ ನಕ್ಷತ್ರ ನಡುವೆಯೇ ತುಂಡಾಗುತ್ತದೆ. ಐದು ನಕ್ಷತ್ರದ 120ಕ್ಕೆ ಹೋಗಬೇಕು, ಇಲ್ಲವೇ ಕಡ್ಡಿಯ ದಪ್ಪ ಬದಲಿಸಬೇಕು. ಚುಕ್ಕಿ ರಂಗೋಲಿ ಹಾಕಿದವರಿಗೆ ಈ ಲೆಕ್ಕ ಗೊತ್ತು: ಒಂದು ಚುಕ್ಕಿ ತಪ್ಪಿದರೆ ಬಳ್ಳಿ ಕೂಡಿಕೊಳ್ಳುವುದಿಲ್ಲ. ವಿನ್ಯಾಸದ ಸುತ್ತುಗಳಲ್ಲಿ ಎರಡೆರಡು ಬಣ್ಣದ ದಾರ. ಒಂದನ್ನು ಹೆಣೆಯುವಾಗ ಇನ್ನೊಂದು ಒಳಮೈಯಲ್ಲಿ ಹಾದು ಬರಬೇಕು. ಅದು ಬಿಗಿಯಾದರೆ ಟೋಪಿ ಸುಕ್ಕುಗಟ್ಟುತ್ತದೆ. ಸಡಿಲವಾದರೆ ತೊಡುವವರ ಬೆರಳು ಸಿಕ್ಕಿಕೊಳ್ಳುತ್ತದೆ. ನೆತ್ತಿಯ ಹತ್ತಿರ ವಿನ್ಯಾಸ ಕೆಡದಂತೆ ಕುಣಿಕೆ ಕಡಿಮೆ ಮಾಡುತ್ತಾ ಹೋಗಬೇಕು. ನೆತ್ತಿಯ ಭಾಗ ಬಿಟ್ಟು 50 ಸುತ್ತು ಎಂದರೂ 7,200 ಕುಣಿಕೆ. ನನ್ನ ಕೈಗೆ ಒಟ್ಟು 12 ಗಂಟೆ ಹಿಡಿಯುತ್ತದೆ. ಟೀವಿ ನೋಡುತ್ತಾ ಇದನ್ನು ಮಾಡಬಲ್ಲವರಿದ್ದರೆ ಅವರಿಗೆ ದೊಡ್ಡ ನಮಸ್ಕಾರ.

ಒಂದು ಅಂಗಡಿಯವರು ಇಂಥ ಟೋಪಿಗೆ 400 ರೂಪಾಯಿ ಕೊಡುತ್ತೇವೆ ಎಂದರು. ಉಣ್ಣೆಗೇ 280 ಆಗಿತ್ತು. ಮಿಕ್ಕ 120 ರೂಪಾಯಿಯನ್ನು 12 ಗಂಟೆಗೆ ಹಂಚಿ ನೋಡಿ: ಗಂಟೆಗೆ ಹತ್ತು ರೂಪಾಯಿ. ದರ್ಶಿನಿಯಲ್ಲಿ ಒಂದು ಲೋಟ ಕಾಫಿಯೂ ಬರುವುದಿಲ್ಲ.

ಇದು ಇಂದಿನ ರೋಗವಲ್ಲ. ಎರಡು ಬಣ್ಣದ ಈ ಹೆಣಿಗೆಗೆ ಜಗತ್ತಿನಲ್ಲಿ ಓಡಾಡುವ ಹೆಸರು ಫೇರ್ ಐಲ್. ಅದು ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್‌ಗಳ ನಡುವಿನ ಪುಟ್ಟ ದ್ವೀಪ. ಶೆಟ್ಲೆಂಡಿನ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಕಡ್ಡಿ ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ತೂತುಗಳಿದ್ದ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಬಿಡುವಿನ ಹವ್ಯಾಸ ಎನ್ನುವುದಾದರೆ ನಮ್ಮೂರ ಹೆಂಗಸರು ನೀರು ಹೊರುವುದೂ ವಾಯುವಿಹಾರವೇ. ವ್ಯಾಪಾರಿಗಳು ಅವರಿಗೆ ದುಡ್ಡಿನ ಬದಲು ಚಹಾ, ಬಟ್ಟೆಯಂಥ ಸರಕು ಕೊಡುತ್ತಿದ್ದರು. ದೂರು ಹೆಚ್ಚಿ ಬ್ರಿಟಿಷ್ ಸರ್ಕಾರ ವಿಚಾರಣೆಗೆ ಆಯೋಗ ನೇಮಿಸಿತು. ಹೆಣೆಯುವ ಹೆಂಗಸರ ಸಾಕ್ಷ್ಯಗಳೂ ಸೇರಿದ ವರದಿ 1872ರಲ್ಲಿ ಬಂತು. ಅವರ ಪಾಲಿಗೆ ಚಹಾಪುಡಿಯಾದರೂ ಇತ್ತು. ನಮ್ಮ ಪಾಲಿಗೆ ಬರೀ ‘ಪ್ರೀತಿ’.

ಕೂಲಿ ಹೋಗಲಿ, ಬುದ್ಧಿಯ ಹೆಗ್ಗಳಿಕೆಯನ್ನಾದರೂ ಬಿಟ್ಟರೇ? 1588ರಲ್ಲಿ ಸ್ಪೇನಿನ ಆರ್ಮಡಾದ ಒಂದು ಹಡಗು ಫೇರ್ ಐಲ್ ಬಳಿ ಒಡೆಯಿತು, ಇದು ಇತಿಹಾಸ. ಆ ಹಡಗಿನಿಂದ ಬದುಕಿ ಬಂದ ನಾವಿಕರು ಈ ವಿನ್ಯಾಸಗಳನ್ನು ಅಲ್ಲಿನ ಹೆಂಗಸರಿಗೆ ಕಲಿಸಿದರು. ಇದು ಆಧಾರವಿಲ್ಲದ ಕಟ್ಟುಕತೆ. ಆದರೂ ಸುಲಭವಾಗಿ ಸಾಯದ ಕತೆ. ಹಸಿದು, ನೆನೆದು ದಡ ಸೇರಿದ ಸಿಪಾಯಿಗಳು ಹೆಣಿಗೆ ಪಾಠ ಮಾಡಿದರೆಂದು ನಂಬಲು ಜನ ತಯಾರು; ಕುರಿ ಸಾಕಿ, ನೂಲು ತೆಗೆದು, ಚಳಿಯಲ್ಲಿ ಕೂತು ಎಣಿಸಿದ ಹೆಂಗಸರೇ ಇದನ್ನು ಯೋಚಿಸಿರಬಹುದೆಂದು ನಂಬಲು ತಯಾರಿಲ್ಲ. ಆಮೇಲೆ 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ ಇಂಥ ಸ್ವೆಟರ್ ತೊಟ್ಟು ಗಾಲ್ಫ್ ಆಡಿದ ಮೇಲೆ ಅದು ಫ್ಯಾಷನ್ ಆಯಿತು. ಅವನ ಭಾವಚಿತ್ರ ಉಳಿದಿದೆ. ಹೆಣೆದವಳ ಹೆಸರು ಎಷ್ಟು ಜನರಿಗೆ ಗೊತ್ತು?

ಹೀಗೇ ಇರಬೇಕೆಂದೇನೂ ಇಲ್ಲ. ಪೆರು ದೇಶದ ತಿತಿಕಾಕಾ ಸರೋವರದಲ್ಲಿ ಟಾಕಿಲೆ ಎಂಬ ದ್ವೀಪವಿದೆ. ಅಲ್ಲಿ ‘ಚುಲ್ಲೊ’ ಎಂಬ ಬಣ್ಣದ ಉಣ್ಣೆ ಟೋಪಿಯನ್ನು ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅಲ್ಲಿನ ಬಟ್ಟೆಯ ಕಲೆಯನ್ನು ಯುನೆಸ್ಕೊ 2005ರಲ್ಲೇ ಗುರುತಿಸಿತು. ಅದಕ್ಕಿಂತ ನನಗೆ ಹಿಡಿಸಿದ್ದು ಊರಿನವರೇ ಸೇರಿ ನಡೆಸುವ ಅಂಗಡಿ. ಅಲ್ಲಿ ಬೆಲೆ ನಿಗದಿ, ಚೌಕಾಸಿ ಇಲ್ಲ. ಹೆಣೆಯುವವರು ಒಟ್ಟಾಗಿ ಬೆಲೆ ಹೇಳಿದರೆ ಕೊಳ್ಳುವವರು ಕೊಡುತ್ತಾರೆ, ಅಷ್ಟೇ.

ನನ್ನ ವಾದಕ್ಕೆ ಬರುವ ಒಂದು ಉತ್ತರ ಗೊತ್ತು: ನಿಮಗೆ ಖುಷಿ ಸಿಗತ್ತಲ್ಲ? ಸಿಗುತ್ತದೆ. ಮದುವೆಯಲ್ಲಿ ನಾದಸ್ವರ ಊದುವವರಿಗೂ ಖುಷಿ ಸಿಗಬಹುದು. ಅದನ್ನು ಅವರ ಸಂಭಾವನೆಯಲ್ಲಿ ಯಾರೂ ಮುರಿದುಕೊಳ್ಳುವುದಿಲ್ಲ. ಇನ್ನೊಂದು ಆಕ್ಷೇಪ ನಿಜಕ್ಕೂ ತೂಕದ್ದು: ಅಷ್ಟು ದುಡ್ಡು ಎಲ್ಲರ ಬಳಿ ಎಲ್ಲಿದೆ? ಇಲ್ಲ, ಒಪ್ಪುತ್ತೇನೆ. ಚಳಿಗೆ ಕಿವಿ ಮುಚ್ಚಬೇಕು ಎಂದರೆ ಯಂತ್ರದ ಟೋಪಿ ಕೊಳ್ಳಿ; ಅದು ಬೆಚ್ಚಗಿಡುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಯಂತ್ರದ ಬೆಲೆಯನ್ನು ತಂದು ನನ್ನ ಕೈಗೆ ಅಳತೆಗೋಲು ಮಾಡಬೇಡಿ. ಕೈಹೆಣಿಗೆಯೇ ಬೇಕು, ಯಂತ್ರದ ಬೆಲೆಗೇ ಬೇಕು ಎನ್ನುವುದು ಬಡತನವಲ್ಲ, ದಬ್ಬಾಳಿಕೆ.

ಪ್ರೀತಿಯಿಂದ ಹೆಣೆಯುವುದು ಉಂಟು. ತಂಗಿಯ ಮಗುವಿಗೆ ಹೆಣೆಯುತ್ತೇನೆ, ಕಾಸು ಕೇಳುವುದಿಲ್ಲ. ಅದು ಉಡುಗೊರೆ, ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವಳು ನಾನು. ಕೊಳ್ಳಲು ಬಂದವರು ನನ್ನ ಪ್ರೀತಿಯನ್ನು ತಾವೇ ಲೆಕ್ಕಕ್ಕೆ ಹಿಡಿದು ಬೆಲೆ ಇಳಿಸುವುದು ಉಡುಗೊರೆಯಲ್ಲ, ಕಸಿತ. ಉಣ್ಣೆ ಅಂಗಡಿಯವನ ಹತ್ತಿರ ಪ್ರೀತಿ ಚಲಾವಣೆಯಾಗುವುದಿಲ್ಲ.

ಹೆಣೆಯುವ ಗೆಳತಿಯರೇ, ಬೆಲೆಯ ಚೀಟಿಯಲ್ಲಿ ಗಂಟೆಗಳನ್ನೂ ಬರೆಯಿರಿ. ಕೊಳ್ಳುವವರೇ, ‘ಎಷ್ಟಕ್ಕೆ ಕೊಡ್ತೀರಿ?’ ಎನ್ನುವ ಮೊದಲು ‘ಎಷ್ಟು ಹೊತ್ತು ಹಿಡೀತು?’ ಎಂದು ಕೇಳಿ. ಉತ್ತರ ಕೇಳಿದ ಮೇಲೂ ಚೌಕಾಸಿ ಮಾಡುವ ಧೈರ್ಯವಿದ್ದರೆ, ಮಾಡಿ ನೋಡೋಣ.