ಕಾರನ್ನು ಸಾಕುವುದು

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ, ಭತ್ತ ಕಬ್ಬುಗಳ ಹಣ ಕೈಸೇರಿದಾಗ ಮನೆಯ ಮುಂದೆ ವೈಭವದ ಕಾರೊಂದು ನಿಲ್ಲಬೇಕೆಂಬ ಆಸೆ ಮೂಡುವುದು ಸಹಜ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೊಂಡವನು ಅದನ್ನು ಸಾಕಬಲ್ಲನೇ ಎಂಬುದೇ ನನ್ನ ಪ್ರಶ್ನೆ.

ಒಬ್ಬರು ಬಳಸಿದ ಇಂತಹ ಕಾರು ಅರ್ಧ ಬೆಲೆಗೆ ದೊರೆತರೆ ಲಾಭವೆಂದೇ ತೋರುತ್ತದೆ. ಆದರೆ ಅರ್ಧವಾದುದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಟೈರು, ಬ್ರೇಕು, ಗೇರುಪೆಟ್ಟಿಗೆಗಳು ಹೊಸ ಕಾರಿನ ದರದಲ್ಲಿಯೇ ಹಣ ಬೇಡುತ್ತವೆ. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಗೇರುಪೆಟ್ಟಿಗೆಗೆ ಸುರಿಯುವ ತಂದೆಯನ್ನು ಸಿರಿವಂತನೆನ್ನಲು ನನಗೆ ಮನಸ್ಸು ಬಾರದು.

ನಮ್ಮ ಸೀಮೆಗೆ ಹೊಳೆಯ ಭಯವೂ ಉಂಟು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆಯ ಬಳಿ ಮೈಸೂರು–ನಂಜನಗೂಡು ಹೆದ್ದಾರಿ ಮುಳುಗಿತು. ಇಂತಹ ಕಾರುಗಳಲ್ಲಿ ಹಲವುಗಳ ತಳ ನೆಲಕ್ಕೆ ಸಮೀಪ. ಗಾಳಿಯ ದಾರಿಯಿಂದ ನೀರು ಸಿಲಿಂಡರನ್ನು ಹೊಕ್ಕರೆ, ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು. ಪಿಸ್ಟನ್ನಿಗೆ ಕೂಡಿಸಿದ ಉಕ್ಕಿನ ದಂಡವೇ ಬಾಗುತ್ತದೆ. ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಚಾಲೂ ಮಾಡಹೊರಡುವವರು ಎಂಜಿನ್ನನ್ನೇ ಕಳೆದುಕೊಂಡಾರು. ಸಾಮಾನ್ಯ ವಿಮೆ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡದು. ಎಂಜಿನ್ನಿನ ರಕ್ಷಣೆಗೆ ಬೇರೆ ಕಂತನ್ನೇ ಕಟ್ಟಬೇಕು. ಕಾರು ಕೊಳ್ಳುವ ದಿನ ಆ ಕಂತನ್ನು ನೆನೆಯುವವರು ಕಡಿಮೆ.