ಎರೆಭೂತವನ್ನು ಕೊಂದ ಹಸಿರು

ನಮ್ಮ ಮಕ್ಕಳಿಗೆ ಆಫ್ರಿಕಾದ ಉಷ್ಟ್ರಪಕ್ಷಿ ಗೊತ್ತು. ಆಸ್ಟ್ರೇಲಿಯಾದ ಕ್ಯಾಸೊವರಿಯನ್ನೂ ಟಿವಿಯಲ್ಲಿ ನೋಡಿರುತ್ತಾರೆ. ಎರೆಭೂತ ಗೊತ್ತಾ? ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಯಾವ ಶಾಲೆಗಾದರೂ ಹೋಗಿ ಕೇಳಿ. ಮೇಷ್ಟ್ರೂ ತಲೆ ಕೆರೆದುಕೊಳ್ಳುತ್ತಾರೆ.

ಒಂದು ಮೀಟರ್ ಎತ್ತರದ ಹಕ್ಕಿ. ಗಂಡು 15 ಕಿಲೋವರೆಗೂ ತೂಗುತ್ತದೆ. ದೊರವಾಯನ ಹಕ್ಕಿ ಅಂತಲೂ ಕರೆದರು ನಮ್ಮ ಹಿರಿಯರು. ರೆಕ್ಕೆ ಇದೆ, ಹಾರುತ್ತದೆ. ಆದರೆ ಬಾಳುವೆಯೆಲ್ಲ ನೆಲದ ಮೇಲೆ. ಗೂಡಿಲ್ಲ. ಬರಿನೆಲದಲ್ಲಿ ಮೊಟ್ಟೆ, ಅದೂ ಸಾಮಾನ್ಯವಾಗಿ ಒಂದೇ. ಅದು ಕೇಳಿದ್ದೇನು? ಹುಲ್ಲು, ಮಿಡತೆ, ದೂರಕ್ಕೆ ಕಣ್ಣು ಹಾಯುವ ಬಯಲು. ಅಷ್ಟೇ.

ನಾವು ಕೊಟ್ಟಿದ್ದು ನೀಲಗಿರಿ.

ಹೊನ್ನಾಳಿಯ ಮಗ್ಗುಲಲ್ಲೇ ಇದೆ ರಾಣೆಬೆನ್ನೂರು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು, 119 ಚದರ ಕಿಲೋಮೀಟರ್. ಎರೆಭೂತವೂ ಅಲ್ಲಿತ್ತು. ಆ ಹುಲ್ಲುಗಾವಲಲ್ಲಿ ಗುಂಡಿ ತೋಡಿ ನೀಲಗಿರಿ ನೆಟ್ಟವರು ಯಾರು? ಕಳ್ಳರಾ? ಕಂಪನಿಯವರಾ? ಕಾಯಬೇಕಾದ ಅರಣ್ಯ ಇಲಾಖೆಯೇ! ಕಾಡು ಬೆಳೆಸಿದೆವು ಅಂತ ಲೆಕ್ಕ ಬರೆದರು. ಹಕ್ಕಿಯ ಲೆಕ್ಕ ಯಾರು ಬರೆದರು? ಈಗ ಅಲ್ಲಿ ಎರೆಭೂತ ಇಲ್ಲ. ರಾಜ್ಯದಲ್ಲಿ ಉಳಿದಿರುವುದು ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಇಡೀ ದೇಶದ ಬಯಲುಗಳಲ್ಲಿ ಇನ್ನೂರೂ ಇಲ್ಲ.

ಕಾನೂನು ಇಲ್ಲವೇ? ಇದೆ. ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವ ಮೊದಲ ಪಟ್ಟಿಯ ರಕ್ಷಣೆಯೇ ಎರೆಭೂತಕ್ಕೂ ಇದೆ. ಆದರೆ ವಿದ್ಯುತ್ ತಂತಿಗೆ ಬಡಿದು ಸಾಯುವುದನ್ನು ಕಾನೂನು ತಡೆದಿಲ್ಲ. ಈ ಭಾರದ ಹಕ್ಕಿಗೆ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡಾಗ ತಿರುಗಲು ಆಗುವುದಿಲ್ಲ. ಈ ಹಕ್ಕಿ ಇರುವ ರಾಜಸ್ಥಾನ, ಗುಜರಾತಿನಲ್ಲಿ ಈ ತಂತಿಗಳನ್ನು ನೆಲದೊಳಗೆ ಹಾಕಿ ಎಂದಿತು ಸುಪ್ರೀಂ ಕೋರ್ಟ್, 2021ರಲ್ಲಿ. ಆಗುವುದಿಲ್ಲ ಎಂದಿತು ಸರ್ಕಾರ. 2024ರಲ್ಲಿ ಆದೇಶ ಸಡಿಲವಾಯಿತು. ದೊಡ್ಡವರಿಗೆ ಎಲ್ಲವೂ ಸಡಿಲವಾಗುತ್ತದೆ ಬಿಡಿ.

ಬರೀ ಸರ್ಕಾರವನ್ನು ಬೈದರೆ ಮುಗಿಯಿತೇ? ಬಯಲು ಕಂಡರೆ ನಮಗೂ ಅದು ಪಾಳು. ಒಬ್ಬನಿಗೆ ಅಡಿಕೆ ತೋಟ ಕಾಣುತ್ತದೆ, ಇನ್ನೊಬ್ಬನಿಗೆ ಲೇಔಟು, ಮತ್ತೊಬ್ಬನಿಗೆ ಸೋಲಾರ್. ನೀಲಗಿರಿ ಬುಡದಲ್ಲಿ ಕುರಿ ಏನು ಮೇಯುತ್ತದೆ ಅಂತ ಕುರಿಗಾಹಿಯನ್ನು ಯಾವ ಸಾಹೇಬ ಕೇಳಿದ? ನಾವಾದರೂ ಕೇಳಿದೆವಾ? ತೋಳ, ನರಿ, ಕೃಷ್ಣಮೃಗ ಎಲ್ಲವೂ ಆ ಪಾಳನ್ನೇ ನಂಬಿವೆ.

ಜಗಳೂರಿಗೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಸಿಕ್ಕಿತು. ಸಂತೋಷ. ಅದರಾಚೆಯ ಹುಲ್ಲುಬಯಲಿಗೆ ದಿಕ್ಕು ಯಾರು?

ಮುಂದಿನ ವನಮಹೋತ್ಸವಕ್ಕೆ ಶಾಸಕರು ಸಸಿ ಹಿಡಿದು, ಫೋಟೋದವರನ್ನು ಕಟ್ಟಿಕೊಂಡು ನಿಮ್ಮೂರ ಹುಲ್ಲುಬಯಲಿಗೆ ಬರುತ್ತಾರೆ. ಹಾರ ಹಾಕಬೇಡಿ. ಅಡ್ಡ ನಿಲ್ಲಿ. ಯಾರ ಮನೆ ಅಗೆಯಲು ಬಂದಿರಿ ಸ್ವಾಮಿ, ಅಂತ ಮುಖಕ್ಕೇ ಕೇಳಿ.